ದರ್ಜಿಗಳ ಸಂಘದ ಕಾಯಂ ಅನುಮೋದಕರು

ಆ ಊರಿನ ದರ್ಜಿಗಳ ಸಹಕಾರ ಸಂಘಕ್ಕೆ ಇನ್ನೂರ ಮೂವತ್ತು ಜನ ಸದಸ್ಯರು. ಐದು ವರ್ಷಕ್ಕೊಮ್ಮೆ ಅಧ್ಯಕ್ಷರು ಬದಲಾಗಬಹುದಿತ್ತು. ಬದಲಾಗುತ್ತಿರಲಿಲ್ಲ, ಆ ಮಾತು ಬೇರೆ. ಆದರೆ ಇಪ್ಪತ್ತೆರಡು ವರ್ಷಗಳಿಂದ ಚುನಾವಣೆಯೂ ಇಲ್ಲದೆ, ಯಾರೂ ನೇಮಿಸದೆ ಕಾಯಂ ಆಗಿ ಉಳಿದವರು ಒಬ್ಬರೇ, ಅನುಮೋದಕರು. ಅವರ ನಿಜವಾದ ಹೆಸರು ಅಂಗಡಿಯ ಬೋರ್ಡಿನ ಮೇಲಿತ್ತು. ಅದನ್ನು ಓದುವ ಗೋಜಿಗೆ ಯಾರೂ ಹೋಗುತ್ತಿರಲಿಲ್ಲ. "ಅನುಮೋದಕರ ಹತ್ರ ಕೊಡಿ, ಪ್ಯಾಂಟು ಚೆನ್ನಾಗಿ ಹೊಲೀತಾರೆ" ಎಂದು ಗಿರಾಕಿಗಳೇ ಒಬ್ಬರಿಗೊಬ್ಬರು ಹೇಳುತ್ತಿದ್ದರು.

ಸಂಘದ ವ್ಯವಹಾರ ಗೊತ್ತಿಲ್ಲದವರಿಗೆ ಇಲ್ಲಿ ಒಂದು ಮಾತು ಹೇಳಬೇಕು. ವರ್ಷಕ್ಕೊಮ್ಮೆ ನಡೆಯುವ ಮಹಾಸಭೆಯಲ್ಲಿ ಯಾವ ಠರಾವು ಪಾಸಾಗಬೇಕಾದರೂ ಒಬ್ಬ ಸದಸ್ಯ ಎದ್ದು "ಸೂಚಿಸುತ್ತೇನೆ" ಅನ್ನಬೇಕು. ಅವನು ಸೂಚಕ. ಇನ್ನೊಬ್ಬ ಎದ್ದು "ಅನುಮೋದಿಸುತ್ತೇನೆ" ಅನ್ನಬೇಕು. ಅವನು ಅನುಮೋದಕ. ಆಮೇಲೆ ಉಳಿದವರು ಕೈ ಎತ್ತುತ್ತಾರೆ. ಕೈ ಎತ್ತಿದವರ ಹೆಸರನ್ನು ಯಾರೂ ಬರೆದುಕೊಳ್ಳುವುದಿಲ್ಲ. ಸೂಚಕ, ಅನುಮೋದಕ ಇಬ್ಬರ ಹೆಸರು ಮಾತ್ರ ನಡಾವಳಿ ಪುಸ್ತಕದಲ್ಲಿ ಶಾಶ್ವತವಾಗಿ ಕೂರುತ್ತದೆ. ಆಡಳಿತ ಮಂಡಳಿಯವರು ಇವೆರಡನ್ನೂ ಮಾಡಕೂಡದು ಎಂದು ಸಂಘದ ಬೈಲಾದಲ್ಲಿ ಬರೆದಿತ್ತು. ವೇದಿಕೆಯ ಮೇಲೆ ಕೂತವರು ತಮ್ಮ ಬೆನ್ನು ತಾವೇ ತಟ್ಟಿಕೊಳ್ಳಬಾರದು ಎಂಬುದು ಅದರ ಉದ್ದೇಶ.

ಸಂಘವೇನು ಸಣ್ಣದಲ್ಲ. ಅದು ಹುಟ್ಟುವ ಮೊದಲು ಊರಿನ ದರ್ಜಿಗಳದ್ದು ಒಬ್ಬೊಬ್ಬರದು ಒಂದೊಂದು ದಿಕ್ಕು. ಶಾಲೆಯ ಯೂನಿಫಾರಂ, ಆಸ್ಪತ್ರೆಯ ಕೋಟು, ಕಾರ್ಖಾನೆಯ ನೀಲಿ ಅಂಗಿ ಎಲ್ಲ ಹೊರಗಿನ ಕಂಟ್ರಾಕ್ಟರನ ಪಾಲಾಗುತ್ತಿತ್ತು. ಅವನು ಎಸೆದ ಚೂರುಪಾರು ಕೆಲಸಕ್ಕೆ ಇವರು ತಮ್ಮತಮ್ಮಲ್ಲೇ ಕಚ್ಚಾಡುತ್ತಿದ್ದರು. ಸಂಘ ಬಂದ ಮೇಲೆ ಆರ್ಡರು ಸಂಘಕ್ಕೇ ಬಂತು, ಅಲ್ಲಿಂದ ಸರದಿಯ ಪ್ರಕಾರ ಸದಸ್ಯರಿಗೆ ಹಂಚಿಕೆಯಾಯಿತು. ಒಬ್ಬೊಬ್ಬರೇ ಜನ್ಮದಲ್ಲಿ ಕೊಳ್ಳಲಾಗದ ಕಾಜಾ ಮಷಿನ್ ಸಂಘದ ಹಾಲಿನಲ್ಲಿ ಎಲ್ಲರ ಆಸ್ತಿಯಾಗಿ ನಿಂತಿತು. ಗುಂಡಿಗೆ ತೂತು ಮಾಡಿ ಸುತ್ತ ಹೊಲಿಗೆ ಹಾಕಲು ಅದರ ಮುಂದೆ ಬೆಳಿಗ್ಗೆಯಿಂದ ಅಂಗಿಗಳ ಗಂಟು ಹೊತ್ತ ದರ್ಜಿಗಳ ಸಾಲು. ಸಂಘಕ್ಕೆ ಒಂದು ತಿಂಗಳು ಆರ್ಡರು ಬರದಿದ್ದರೆ ಇಸ್ತ್ರಿಯವನು, ತಳ್ಳುಗಾಡಿಯವನು, ಮೂಲೆಯ ಚಹಾದಂಗಡಿಯವನು ಎಲ್ಲರ ಮುಖವೂ ಬಾಡುತ್ತಿತ್ತು.

ಇಷ್ಟೆಲ್ಲ ಇದ್ದೂ ಅನುಮೋದಿಸಲು ಜನ ಹೆದರುತ್ತಿದ್ದುದೇಕೆ? ಅದಕ್ಕೂ ಕಾರಣವಿತ್ತು. ಹಿಂದೊಬ್ಬ ಬಡಪಾಯಿ ಸಂಘಕ್ಕೆ ಸ್ಟೀಮ್ ಇಸ್ತ್ರಿ ಯಂತ್ರ ತರುವ ಠರಾವನ್ನು ಅನುಮೋದಿಸಿದ್ದ. ಯಂತ್ರ ಬಂದ ಎರಡನೇ ದಿನ ಢಂ ಎಂದಿತು. ಯಾರಿಗೂ ಏನೂ ಆಗಲಿಲ್ಲ, ಒಂದು ಗೋಡೆಯ ಸುಣ್ಣ ಉದುರಿತು ಅಷ್ಟೆ. ಆದರೆ ಆಮೇಲೆ ವಿಚಾರಿಸಲು ಬಂದ ಪ್ರತಿಯೊಬ್ಬರೂ ಪುಸ್ತಕ ತಿರುವಿ ಹಾಕಿ "ಈ ಅನುಮೋದಕರನ್ನ ಕರೀರಿ" ಎನ್ನುತ್ತಿದ್ದರು. ಮೂರು ವರ್ಷ ಓಡಾಡಿ ಚಪ್ಪಲಿ ಸವೆಸಿ ಅವನು ಸದಸ್ಯತ್ವಕ್ಕೇ ಕೈಮುಗಿದ. ಅಂದಿನಿಂದ ಕಾರ್ಯದರ್ಶಿಗಳು "ಅನುಮೋದಕರು ಯಾರು?" ಎಂದು ಕೇಳಿದರೆ ಇಡೀ ಸಭೆ ತಲೆ ತಗ್ಗಿಸಿ ನೆಲ ನೋಡುತ್ತಿತ್ತು.

ಅಂಥ ಒಂದು ಸಭೆಗೆ ನಮ್ಮ ದರ್ಜಿ ಹೊಸ ಸದಸ್ಯರಾಗಿ ಬಂದು ಮೊದಲ ಸಾಲಿನಲ್ಲಿ ಕೂತಿದ್ದರು. ಕಾರ್ಯದರ್ಶಿ ಪೆನ್ನು ಎತ್ತಿ ಹಿಡಿದು ನಿಂತಿದ್ದಾರೆ, ಯಾರೂ ಮಾತಾಡುತ್ತಿಲ್ಲ, ಪೆನ್ನಿನ ಮಸಿ ಒಣಗುತ್ತಿದೆ. ಯಾರಾದರೂ ಕೈ ಚಾಚಿ ನಿಂತರೆ ಇವರಿಗೆ ನೋಡಲಾಗುತ್ತಿರಲಿಲ್ಲ. ಹುಟ್ಟುಗುಣ. ಬೀದಿಯಲ್ಲಿ ಕರಪತ್ರ ಹಂಚುವವನಿಂದ ನಾಲ್ಕು ಸಲ ಒಂದೇ ಕರಪತ್ರ ತೆಗೆದುಕೊಂಡು ಬರುವ ಮನುಷ್ಯ. ಎದ್ದು "ನಾನಿದ್ದೀನಿ ಸ್ವಾಮಿ, ಬರ್ಕೊಳ್ಳಿ" ಎಂದುಬಿಟ್ಟರು. ಜೋರು ಚಪ್ಪಾಳೆ. ಮುಂದಿನ ಹತ್ತು ಠರಾವಿಗೂ ಕಾರ್ಯದರ್ಶಿಗಳು ಇವರ ಕಡೆಯೇ ನೋಡಿದರು. ಮರುವರ್ಷವೂ ಅಷ್ಟೇ. ಸೂಚಕರ ಕೆಲಸವನ್ನು ದಾರದ ಅಂಗಡಿಯವರು ವಹಿಸಿಕೊಂಡರು, ಏಕೆಂದರೆ ಸಂಘಕ್ಕೆ ದಾರ ಅವರ ಅಂಗಡಿಯಿಂದಲೇ ಹೋಗುತ್ತಿತ್ತು. ಹೀಗೆ ಇಬ್ಬರೂ ಸೇರಿ ಎರಡು ದಶಕ ಸಂಘ ನಡೆಸಿದರು ಎಂದರೂ ತಪ್ಪಿಲ್ಲ, ಇಬ್ಬರಿಗೂ ಅದು ಗೊತ್ತಿರಲಿಲ್ಲ ಅಷ್ಟೆ.

ಅನುಮೋದಕರು ಠರಾವನ್ನು ಕೇಳಿಸಿಕೊಳ್ಳುತ್ತಿರಲಿಲ್ಲ. ಕೇಳಿಸಿಕೊಂಡರೆ ತಾನೇ ಅನುಮಾನ ಬರುವುದು. ಒಂದು ವರ್ಷ ಹಾಲಿಗೆ ಹಸಿರು ಬಣ್ಣ ಬಳಿಯುವುದನ್ನು ಅನುಮೋದಿಸಿದರು, ಮರುವರ್ಷ ಹಸಿರು ಬಣ್ಣ ಬಳಿದವರನ್ನು ಖಂಡಿಸುವುದನ್ನೂ ಅನುಮೋದಿಸಿದರು. ಒಮ್ಮೆ ಕಾರ್ಯದರ್ಶಿಗಳು ಸದಸ್ಯರ ಪಟ್ಟಿಯಿಂದ ತೀರಿಕೊಂಡವರ ಹೆಸರು ನಕಲು ಮಾಡುವಾಗ ಸಾಲು ತಪ್ಪಿ, ಮೂರನೇ ಸಾಲಿನಲ್ಲಿ ಕೂತಿದ್ದ ಗಟ್ಟಿಮುಟ್ಟಾದ ಸದಸ್ಯರೊಬ್ಬರಿಗೆ ಸಂತಾಪ ಸೂಚಿಸಿಬಿಟ್ಟರು. ಅನುಮೋದಕರು ಅದನ್ನೂ ಅನುಮೋದಿಸಿದರು. ಎಲ್ಲರೂ ಎದ್ದು ಒಂದು ನಿಮಿಷ ಮೌನವಾಗಿ ನಿಂತರು. ಆ ಸದಸ್ಯರೂ ಎದ್ದು ನಿಂತು, ಕಣ್ಣು ಮುಚ್ಚಿ, ಮೌನ ಮುಗಿದ ಮೇಲೆ ಪಕ್ಕದವರನ್ನು "ಯಾರು ಹೋಗಿದ್ದು?" ಎಂದು ಕೇಳಿದರಂತೆ.

ವರ್ಷವರ್ಷದ ವರದಿ ಪುಸ್ತಕದಲ್ಲಿ ಮಾತ್ರ ಹನ್ನೊಂದು ಕಡೆ ತಮ್ಮ ಹೆಸರು ಅಚ್ಚಾಗುವುದನ್ನು ಅನುಮೋದಕರು ಪ್ರೀತಿಯಿಂದ ಎಣಿಸುತ್ತಿದ್ದರು. ಎಣಿಸಿ ಮುಗಿದ ಮೇಲೆ ಪುಸ್ತಕವನ್ನು ಕತ್ತರಿಸುತ್ತಿದ್ದರು. ಅವರೊಬ್ಬರೇ ಅಲ್ಲ, ಎಲ್ಲ ದರ್ಜಿಗಳೂ. ವರದಿಯ ಕಾಗದ ದಪ್ಪ, ನುಣುಪು, ಮಡಚಿದರೆ ಮುರಿಯುವುದಿಲ್ಲ. ಕಾಲರಿನ ಅಚ್ಚು, ಜೇಬಿನ ಅಚ್ಚು ಕತ್ತರಿಸಿ ಮೊಳೆಗೆ ತೂಗುಹಾಕಲು ಅದಕ್ಕಿಂತ ಒಳ್ಳೆಯ ಕಾಗದ ಊರಲ್ಲೇ ಸಿಗುತ್ತಿರಲಿಲ್ಲ. ಸಂಘದ ಆಡಳಿತವೆಲ್ಲ ಹೀಗೆ ಊರಿನ ಅಂಗಿಗಳ ಅಳತೆಯಾಗಿ ಗೋಡೆಗಳ ಮೇಲೆ ನೇತಾಡುತ್ತಿತ್ತು. ಓದಿದವರು ಒಬ್ಬರೂ ಇಲ್ಲ.

ಅಂಗಡಿ ಎಂದರೆ ಅವರ ಮನೆಯ ಮುಂದಿನ ಕೋಣೆಯೇ. ಬೀದಿಗೆ ಮುಖ ಮಾಡಿದ ಮಷಿನ್ ಅವರದು. ಅದರ ಹಿಂದೆ, ಗೋಡೆಗೆ ಒತ್ತಿದಂತೆ, ಇನ್ನೊಂದು ಮಷಿನ್. ಅದರಲ್ಲಿ ಹೆಂಡತಿ ಕೂರುತ್ತಿದ್ದರು. ಕಾಲರು, ಕೈತುದಿ, ಅಂಚು, ಗುಂಡಿ ಎಲ್ಲ ಆಕೆಯದೇ. ಅನುಮೋದಕರು ಉದ್ದನೆಯ ಹೊಲಿಗೆ ಹಾಕಿ ಹಿಂದಕ್ಕೆ ದಾಟಿಸಿದರೆ ಅಂಗಿ ಅಂಗಿಯಾಗಿ ಈಚೆ ಬರುತ್ತಿತ್ತು. ಅದಲ್ಲದೆ ಆಕೆ ಸಣ್ಣ ಹುಡುಗಿಯರ ಫ್ರಾಕು, ನೆರಿಗೆ ಲಂಗ ಹೊಲಿಯುವುದರಲ್ಲಿ ಎತ್ತಿದ ಕೈ. ಮನೆಯ ಆಡಳಿತದಲ್ಲಿ ಸೂಚಕರು ಆಕೆ, ಅನುಮೋದಕರು ಇವರು. ಇಪ್ಪತ್ನಾಲ್ಕು ವರ್ಷಗಳಲ್ಲಿ ಒಂದು ಠರಾವೂ ಬಿದ್ದಿರಲಿಲ್ಲ.

ಆ ವರ್ಷ ಹೆಣ್ಣುಮಕ್ಕಳ ಶಾಲೆಯ ನೆರಿಗೆ ಲಂಗದ ಆರ್ಡರನ್ನು ಸಂಘ ವಾಪಸು ಕಳಿಸಿತು. ಒಂದೊಂದು ಲಂಗಕ್ಕೆ ಹದಿನೆಂಟು ನೆರಿಗೆ ಹಿಡಿಯುವ ತಾಳ್ಮೆ ಯಾವ ಸದಸ್ಯನಿಗೂ ಇರಲಿಲ್ಲ. ಸುದ್ದಿ ಕೇಳಿದ ಹೆಂಡತಿ ಒಂದು ಬೆಳಿಗ್ಗೆ ಸದಸ್ಯತ್ವದ ಅರ್ಜಿ ತುಂಬಿ, ತಾವೇ ಹೊಲಿದ ಒಂದು ಲಂಗವನ್ನು ಮಾದರಿಗೆಂದು ಮಡಚಿಟ್ಟುಕೊಂಡು, ಗಂಡನಿಗೂ ಹೇಳದೆ ಸಂಘದ ಆಫೀಸಿಗೆ ಹೋದರು. ಸರದಿಯಲ್ಲಿ ತನ್ನ ಹೆಸರೂ ಒಂದಿರಲಿ, ತನ್ನ ಕೆಲಸ ತನ್ನ ಹೆಸರಿಗೇ ಬರಲಿ ಎಂಬುದು ಆಕೆಯ ಆಸೆ. ದೊಡ್ಡ ಆಸೆಯೇನಲ್ಲ.

ಕಾರ್ಯದರ್ಶಿಗಳು ಅರ್ಜಿ ನೋಡಿ ಕನ್ನಡಕ ತೆಗೆದು ಒರೆಸಿದರು. ಮತ್ತೆ ಹಾಕಿಕೊಂಡರು. ಮತ್ತೆ ತೆಗೆದರು.

"ಈಗ ಆಗಲ್ಲಮ್ಮ. ಹೋದ ವರ್ಷ ಬೈಲಾ ತಿದ್ದುಪಡಿ ಆಗಿದೆ. ಸ್ವಂತ ಅಂಗಡಿ ಇದ್ದು, ಬಾಗಿಲ ಮೇಲೆ ತಮ್ಮ ಹೆಸರಿನ ಬೋರ್ಡು ಇರೋರಿಗೆ ಮಾತ್ರ ಸದಸ್ಯತ್ವ. ಮನೇಲಿ ಕೂತು ಹೊಲಿಯೋರಿಗೆ ಇಲ್ಲ."

"ಯಾರು ಮಾಡಿದ್ದು ಇದನ್ನ?"

"ಮಹಾಸಭೆ."

"ಮಹಾಸಭೆ ಅಂದ್ರೆ ಯಾರು?"

ಕಾರ್ಯದರ್ಶಿಗಳು ನಡಾವಳಿ ಪುಸ್ತಕವನ್ನು ಆಕೆಯ ಕಡೆ ತಿರುಗಿಸಿದರು. ಒಂಬತ್ತನೇ ಠರಾವು. ಸೂಚಕರು, ದಾರದ ಅಂಗಡಿಯವರು. ಅನುಮೋದಕರು ಎಂಬಲ್ಲಿ ಆಕೆ ತನ್ನ ಗಂಡನ ಹೆಸರನ್ನು ಓದಿಕೊಂಡರು. ಅಕ್ಷರ ದುಂಡಾಗಿತ್ತು.

ಅಧ್ಯಕ್ಷರ ಲೆಕ್ಕಾಚಾರ ಸರಳವಾಗಿತ್ತು. ಮನೆಯಲ್ಲಿ ಹೊಲಿಯುವ ಹೆಂಗಸರು ನೂರಾರು. ಅವರೆಲ್ಲ ಸದಸ್ಯರಾದರೆ ಮುಂದಿನ ಚುನಾವಣೆಯಲ್ಲಿ ಅವರ ಓಟು ಯಾವ ಕಡೆ ಬೀಳುತ್ತದೋ ಯಾರು ಬಲ್ಲರು? ಅದಕ್ಕೇ ಊಟದ ಹೊತ್ತಿಗೆ ಸರಿಯಾಗಿ, ಎಲ್ಲರ ಹೊಟ್ಟೆ ತಾಳ ಹಾಕುವಾಗ, "ಬೈಲಾ ಅಂಶ ಹನ್ನೆರಡಕ್ಕೆ ಮುದ್ರಿತ ಪ್ರತಿಯಲ್ಲಿ ಇದ್ದಂತೆ ತಿದ್ದುಪಡಿ" ಎಂದು ಒಂದೇ ಉಸಿರಿಗೆ ಓದಿಸಿದ್ದರು. ಅನುಮೋದಕರು ಎದ್ದು ಅನುಮೋದಿಸಿ, ಅದೇ ಓಟದಲ್ಲಿ ಊಟದ ಸಾಲಿಗೆ ಸೇರಿಕೊಂಡಿದ್ದರು.

ಹೆಂಡತಿ ಮನೆಗೆ ಬಂದು ಕೂಗಾಡಲಿಲ್ಲ. ಮೊಳೆಗೆ ತೂಗುಹಾಕಿದ್ದ ಅಚ್ಚುಗಳನ್ನೆಲ್ಲ ಇಳಿಸಿ ಕತ್ತರಿಸುವ ಮೇಜಿನ ಮೇಲೆ ಹರಡಿದರು. ಹೋದ ವರ್ಷದ ವರದಿ ಎರಡು ಕಾಲರು, ಒಂದು ಜೇಬು ಆಗಿತ್ತು.

"ರೀ, ಹೋದ ವರ್ಷ ಒಂಬತ್ತನೇ ಠರಾವು ಏನಿತ್ತು?"

ಅನುಮೋದಕರು ಮಷಿನ್ ನಿಲ್ಲಿಸಿ ಯೋಚಿಸಿದರು. "ಒಂಬತ್ತನೇದಾ? ಫ್ಯಾನ್ ರಿಪೇರಿ ಇರಬೇಕು."

ಆಕೆ ಕಾಲರನ್ನೂ ಜೇಬನ್ನೂ ಅಂಚಿಗೆ ಅಂಚು ಸೇರಿಸಿ ಜೋರಾಗಿ ಓದಿದರು. "ಸ್ವಂತ ಅಂಗಡಿ" ಎಂಬುದು ಕಾಲರಿನ ಮೇಲಿತ್ತು, "ಇಲ್ಲದವರು ಸದಸ್ಯರಾಗಲು ಅರ್ಹರಲ್ಲ" ಎಂಬುದು ಜೇಬಿನ ಮೇಲೆ. ಆಮೇಲೆ ಸಂಘದ ಆಫೀಸಿಗೆ ಹೋಗಿ ಬಂದದ್ದನ್ನೂ ಹೇಳಿದರು. ಅನುಮೋದಕರು ಎದ್ದು ಬಂದು ಕಾಲರನ್ನು ಬೆರಳಿಂದ ಮುಟ್ಟಿ ನೋಡಿದರು. ಒಂದು ವರ್ಷದಿಂದ ಆ ಕಾಲರನ್ನೇ ಇಟ್ಟುಕೊಂಡು ಇನ್ನೂರು ಅಂಗಿ ಕತ್ತರಿಸಿದ್ದರು ಅವರು.

"ನಂಗೆ ಗೊತ್ತಿರ್ಲಿಲ್ಲ ಕಣೆ" ಎಂದರು.

"ಅದೇ ನೋಡಿ" ಎಂದು ಆಕೆ ತನ್ನ ಮಷಿನ್ ಮುಂದೆ ಕೂತರು.

ಅಂದಿನಿಂದ ಮನೆಯಲ್ಲಿ ಹೊಸ ಆಡಳಿತ. "ಊಟ ಬಡಿಸ್ತೀಯಾ?" ಎಂದು ಇವರು ಕೇಳಿದರೆ, "ಸೂಚಕರು ನೀವು. ಅನುಮೋದಕರು ಯಾರು?" ಎಂದು ಆಕೆ ಕೇಳುತ್ತಿದ್ದರು. ಹತ್ತನೇ ಕ್ಲಾಸಿನ ಮಗಳು ಪುಸ್ತಕದಿಂದ ತಲೆ ಎತ್ತದೆ "ನಾನು ತಟಸ್ಥ, ಅಪ್ಪ" ಎನ್ನುತ್ತಿದ್ದಳು. ಅನುಮೋದಕರು ತಾವೇ ಬಡಿಸಿಕೊಂಡು ಉಣ್ಣುತ್ತಿದ್ದರು. ಇದೆಲ್ಲ ನಗೆಯಾಟದಂತೆ ಕಂಡರೂ ಅವರಿಗೆ ನಗು ಬರುತ್ತಿರಲಿಲ್ಲ. ಯಾಕೆಂದರೆ ಕೆಲಸದ ಹೊತ್ತಿನಲ್ಲಿ ಆಕೆ ಏನೂ ಅನ್ನುತ್ತಿರಲಿಲ್ಲ. ಹಿಂದಿನಿಂದ ಬರುವ ಆ ಮಷಿನಿನ ಸದ್ದನ್ನು ಇಷ್ಟು ವರ್ಷ ಅವರು ಗಮನಿಸಿಯೇ ಇರಲಿಲ್ಲ. ಈಗ ಅದೊಂದೇ ಕೇಳಿಸುತ್ತಿತ್ತು. ಈ ತಪ್ಪನ್ನು ತಾನೇ ಸರಿಮಾಡದಿದ್ದರೆ ಆ ಸದ್ದಿಗೆ ಬೆನ್ನು ಕೊಟ್ಟು ಕೂರಲು ಇನ್ನು ಮುಖವಿಲ್ಲ ಎಂದು ಅವರಿಗೆ ಅನ್ನಿಸಿತು.

ಅಧ್ಯಕ್ಷರ ಅಂಗಡಿಗೆ ಹೋದರು. ಅಧ್ಯಕ್ಷರು ಸೂಟು ಹೊಲಿಯುವವರು. ಕುತ್ತಿಗೆಗೆ ಟೇಪು ಹಾಕಿಕೊಂಡರೆ ಹಾರ ಹಾಕಿಸಿಕೊಂಡಂತೆ ಕಾಣುವ ಗತ್ತು.

"ಆ ಒಂಬತ್ತನೇದನ್ನ ರದ್ದು ಮಾಡ್ಬೇಕು ಸಾರ್."

"ನೀವೇ ಅನುಮೋದಿಸಿ ನೀವೇ ರದ್ದು ಅಂದ್ರೆ ಹೇಗ್ರೀ? ಆಯ್ತು, ನಿಯಮ ಇದೆ, ಏಳು ದಿನ ಮುಂಚೆ ಬರೆದು ಕೊಡಿ, ವಿಷಯ ಪಟ್ಟಿಗೆ ಸೇರಿಸ್ತೀವಿ." ಆಮೇಲೆ ಅಧ್ಯಕ್ಷರು ಸೀಮೆಸುಣ್ಣ ಕೈಯಲ್ಲಿ ಹಿಡಿದು ಮುಗುಳ್ನಕ್ಕರು. "ಆದ್ರೆ ಸೂಚಕರು ನೀವಾದ್ರೆ, ಅನುಮೋದಕರು ಯಾರು?"

ಅದನ್ನು ಇವರು ಯೋಚಿಸಿಯೇ ಇರಲಿಲ್ಲ. ಒಂದು ವಾರ ಅಂಗಡಿ ಅಂಗಡಿ ಸುತ್ತಿದರು. ಎಲ್ಲರೂ ಒಳ್ಳೆಯವರೇ. "ಖಂಡಿತ ರದ್ದಾಗ್ಬೇಕು, ನನ್ನ ಅತ್ತಿಗೇನೂ ಮನೇಲೇ ಹೊಲೀತಾಳೆ" ಎಂದರು. "ನಾನು ಎರಡೂ ಕೈ ಎತ್ತುತ್ತೀನಿ" ಎಂದರು. "ಎಷ್ಟು ಹೊತ್ತು ಬೇಕಾದ್ರೂ ಚಪ್ಪಾಳೆ ತಟ್ಟುತ್ತೀನಿ" ಎಂದರು. ಹೆಸರು ಬರೆಸುವ ಮಾತು ಬಂದ ಕೂಡಲೇ ಸೂಜಿಗೆ ದಾರ ಪೋಣಿಸಲು ಶುರುಮಾಡುತ್ತಿದ್ದರು. ದಾರದ ಅಂಗಡಿಯವರಂತೂ, "ನೋಡಿ, ನಾನು ಸೂಚಕ. ನನ್ನ ಕೆಲಸ ಬೇರೆ" ಎಂದು ಕಡ್ಡಿ ಮುರಿದಂತೆ ಹೇಳಿದರು.

ಮಹಾಸಭೆಯ ದಿನ ಬಂತು. ಅಧ್ಯಕ್ಷರು ಜಾಣರು, ಜನ ಪೂರ್ತಿ ಸೇರುವ ಮೊದಲೇ ತೊಲಗಲಿ ಎಂದು ಇವರ ವಿಷಯವನ್ನೇ ಮೊದಲನೆಯದಾಗಿ ಹಾಕಿಸಿದ್ದರು. ವೇದಿಕೆಯ ಕೊನೆಯ ಕುರ್ಚಿಯಲ್ಲಿ ಸಹಕಾರ ಇಲಾಖೆಯಿಂದ ಬಂದ ವೀಕ್ಷಕರು ಫೈಲು ತೊಡೆಯ ಮೇಲಿಟ್ಟು ಕೂತಿದ್ದರು. ಹಾಲಿನಲ್ಲಿ ಕಾಜಾ ಮಷಿನ್ನಿಗೆ ಬಟ್ಟೆ ಹೊದಿಸಿ ಪಕ್ಕಕ್ಕೆ ಸರಿಸಿದ್ದರು.

ಅನುಮೋದಕರು ಎದ್ದರು. ಜೇಬಿನಿಂದ ಚೀಟಿ ತೆಗೆದು ಬಿಡಿಸಿದರು. ಇಪ್ಪತ್ತೆರಡು ವರ್ಷಗಳಲ್ಲಿ ಒಂದು ಶಬ್ದಕ್ಕಿಂತ ಹೆಚ್ಚು ಅವರು ಆ ಹಾಲಿನಲ್ಲಿ ಮಾತಾಡಿದ್ದಿಲ್ಲ. "ಮನೆಯಲ್ಲಿ ಹೊಲಿಯುವವರೂ ದರ್ಜಿಗಳೇ ಆಗಿರುವುದರಿಂದ, ಹೋದ ವರ್ಷದ ಒಂಬತ್ತನೇ ಠರಾವನ್ನು ರದ್ದು ಮಾಡಬೇಕೆಂದು ಸೂಚಿಸುತ್ತೇನೆ" ಎಂದು ಓದಿ ಮುಗಿಸಿದರು.

"ಅನುಮೋದಕರು ಯಾರು?" ಎಂದರು ಕಾರ್ಯದರ್ಶಿಗಳು.

ಇಡೀ ಸಭೆ, ಅಭ್ಯಾಸಬಲ, ತಿರುಗಿ ಇವರನ್ನೇ ನೋಡಿತು. ಕಾರ್ಯದರ್ಶಿಗಳೂ ಪೆನ್ನು ಎತ್ತಿ ಇವರನ್ನೇ ನೋಡಿದರು. ಎತ್ತಿದ ಪೆನ್ನು ಕಂಡದ್ದೇ ತಡ, ಇವರ ಬಾಯಿ ತಾನಾಗಿ ತೆರೆದುಕೊಂಡಿತು.

"ಅನುಮೋದಿಸುತ್ತೇನೆ."

ಹಾಲು ಗೊಳ್ಳೆಂದು ನಕ್ಕಿತು. ವೀಕ್ಷಕರೂ ಫೈಲಿನ ಮರೆಯಲ್ಲಿ ನಕ್ಕರು. "ಹಾಗೆಲ್ಲ ಬರಲ್ಲ ಕಣ್ರೀ" ಎಂದು ಅಧ್ಯಕ್ಷರು ಕಣ್ಣೊರೆಸಿಕೊಂಡು, "ಬೇರೆ ಯಾರಾದ್ರೂ? ಯಾರೂ ಇಲ್ಲ? ಅನುಮೋದಕರಿಲ್ಲದ ಕಾರಣ ವಿಷಯ ಬಿದ್ದುಹೋಯಿತು. ಮುಂದಿನದು" ಎಂದರು.

ಅನುಮೋದಕರು ಕೂತರು. ಈಗ ಮನೆಗೆ ಹೋಗಿ ಏನು ಹೇಳುವುದು? ಬಿದ್ದುಹೋಯಿತು ಎನ್ನುವುದೇ? ಆಕೆ ಏನೂ ಅನ್ನುವುದಿಲ್ಲ, ಮಷಿನ್ ತುಳಿಯುತ್ತಾಳೆ.

ಅಷ್ಟರಲ್ಲಿ ಎರಡನೇ ವಿಷಯ, ವಾರ್ಷಿಕ ವರದಿ ಮತ್ತು ಲೆಕ್ಕಪತ್ರ. "ಸೂಚಿಸುತ್ತೇನೆ" ಎಂದು ದಾರದ ಅಂಗಡಿಯವರು ಎದ್ದು ಕೂತರು. ಕಾರ್ಯದರ್ಶಿಗಳು "ಅನುಮೋದಕರು" ಎಂದು ಪ್ರಶ್ನೆಯನ್ನೂ ಮಾಡದೆ ಮುಂದಿನ ಸಾಲಿಗೆ ಹೋದರು. ಏನೋ ಕೊರತೆ ಅನ್ನಿಸಿ ತಲೆ ಎತ್ತಿದರು. ಆ ಶಬ್ದ ಬಂದಿರಲಿಲ್ಲ.

ನಿಜ ಹೇಳಬೇಕೆಂದರೆ ಅದು ಹಟವಲ್ಲ. ಬಾಯಿ ತೆರೆದರೆ ಅಳು ಬರುವ ಸ್ಥಿತಿಯಲ್ಲಿ ಅವರಿದ್ದರು, ಅದಕ್ಕೇ ತೆರೆಯಲಿಲ್ಲ. ಆದರೆ ಹಾಲು ಸ್ತಬ್ಧವಾಯಿತು. ಅಧ್ಯಕ್ಷರು "ಹೂಂ" ಎಂದು ಕಣ್ಸನ್ನೆ ಮಾಡಿದರು. ಕಾರ್ಯದರ್ಶಿಗಳು ಪೆನ್ನು ಎತ್ತಿ ತೋರಿಸಿದರು. ಇವರು ನೆಲ ನೋಡಿದರು. ಇಪ್ಪತ್ತೆರಡು ವರ್ಷ ಬೇರೆಯವರು ನೋಡಿದ ನೆಲ. ಅಲ್ಲಿ ಒಂದು ಟೈಲು ಒಡೆದಿದೆ ಎಂಬುದು ಅವರಿಗೆ ಅಂದೇ ತಿಳಿದದ್ದು.

"ಬೇರೆ ಯಾರಾದ್ರೂ ಅನುಮೋದಿಸಿ" ಎಂದರು ಅಧ್ಯಕ್ಷರು. ಇನ್ನೂರು ತಲೆ ಒಟ್ಟಿಗೇ ಬಗ್ಗಿದವು. ಒಬ್ಬರು ಫ್ಯಾನು ನೋಡಿದರು, ಒಬ್ಬರಿಗೆ ಕೆಮ್ಮು ಬಂತು, ಕಾಲಿಗೆ ಚಪ್ಪಲಿ ಹಾಕಿದ್ದ ಒಬ್ಬರು ಬಗ್ಗಿ ಶೂ ಲೇಸು ಕಟ್ಟಿಕೊಳ್ಳತೊಡಗಿದರು.

"ಇದನ್ನ ಬಿಡಿ, ಮೂರನೇದು ತಗೊಳ್ಳಿ" ಎಂದರು ಅಧ್ಯಕ್ಷರು. ಲೆಕ್ಕ ಪರಿಶೋಧಕರ ನೇಮಕ. ಸೂಚಿಸುತ್ತೇನೆ. ಮೌನ. ನಾಲ್ಕನೇದು, ಆಸ್ಪತ್ರೆಯ ಆರ್ಡರಿಗೆ ಒಪ್ಪಿಗೆ. ಸೂಚಿಸುತ್ತೇನೆ. ಮೌನ. ಈ ಮೂರನೇ ಮೌನದ ಹೊತ್ತಿಗೆ ಅನುಮೋದಕರಿಗೆ ಏನೋ ಹೊಳೆಯಿತು. ಅಳು ನಿಂತುಹೋಯಿತು. ಬೆನ್ನು ನೆಟ್ಟಗಾಯಿತು.

ವೀಕ್ಷಕರು ಬಗ್ಗಿ ನಡಾವಳಿ ಪುಸ್ತಕ ನೋಡಿದರು. "ಇದೇನ್ರೀ, ಹತ್ತು ಠರಾವಿಗೂ ಅನುಮೋದಕರ ಹೆಸರು ಮೊದಲೇ ಬರೆದಿಟ್ಟಿದ್ದೀರಿ?"

ಕಾರ್ಯದರ್ಶಿಗಳು ಕನ್ನಡಕ ತೆಗೆದು ಒರೆಸಿದರು. "ಅವರು ಯಾವತ್ತೂ ತಪ್ಪಿಸಿದವರಲ್ಲ ಸಾರ್."

"ಇವತ್ತು ವರದಿ ಪಾಸಾಗದಿದ್ರೆ, ಪಾಸಾಗಿಲ್ಲ ಅಂತಾನೇ ನಾನು ಬರೀಬೇಕಾಗುತ್ತೆ. ಆ ಆರ್ಡರಿನ ಕಥೆ ನೀವೇ ನೋಡ್ಕೊಳ್ಳಿ."

ಆಸ್ಪತ್ರೆಯ ಆರ್ಡರು ಎಂದರೆ ಎಲ್ಲರ ಮೂರು ತಿಂಗಳ ಕೆಲಸ. ಹಾಲಿನಲ್ಲಿ ಗುಸುಗುಸು ಎದ್ದಿತು. ಅದರಲ್ಲಿ ಅನುಮೋದಕರ ಪಾಲೂ ಇತ್ತು. ಅಧ್ಯಕ್ಷರು ವೇದಿಕೆ ಇಳಿದು ಬಂದು ಅವರ ಪಕ್ಕ ಕುಕ್ಕರುಗಾಲಲ್ಲಿ ಕೂತರು. ಸೂಟಿನ ಪ್ಯಾಂಟು ಮಂಡಿಯಲ್ಲಿ ಬಿಗಿಯಾಯಿತು.

"ಏನ್ ತಕರಾರು ನಿಮ್ದು?" ಎಂದು ಪಿಸುಗುಟ್ಟಿದರು.

"ತಕರಾರು ಏನಿಲ್ಲ ಸಾರ್. ಕೇಳಿಸ್ಕೊಳ್ತಾ ಇದ್ದೀನಿ. ನೀವು ಮೊದಲನೇ ವಿಷಯ ಇನ್ನೊಂದ್ಸಲ ತಗೊಂಡ್ರೆ, ಮಿಕ್ಕಿದ್ದು ಪೂರ್ತಿ ಓದಿಸಿದ್ರೆ, ನನ್ನ ಕೆಲಸ ನಾನು ಮಾಡ್ತೀನಿ."

"ಅದಕ್ಕೆ ಅನುಮೋದಕರು ಎಲ್ಲಿದ್ದಾರ್ರೀ?"

"ಅದು ನಂಗೂ ಗೊತ್ತಿಲ್ಲ ಸಾರ್. ನೀವೇ ಹುಡುಕಿ. ಇಷ್ಟು ವರ್ಷ ನಾನು ನಿಮಗೆ ಹುಡುಕೋ ಕಷ್ಟ ಕೊಟ್ಟಿಲ್ಲ."

ಅಧ್ಯಕ್ಷರು ಎದ್ದು, ಮಂಡಿ ನೀವಿಕೊಂಡು, ಹಾಲನ್ನೆಲ್ಲ ಒಮ್ಮೆ ನೋಡಿ, ಕೊನೆಗೆ ದಾರದ ಅಂಗಡಿಯವರ ಮೇಲೆ ಕಣ್ಣು ನೆಟ್ಟರು. ಸಂಘಕ್ಕೆ ದಾರ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಆ ನೋಟದಲ್ಲಿತ್ತು. ದಾರದ ಅಂಗಡಿಯವರು ಮೆಲ್ಲನೆ ಎದ್ದರು. ಜೀವಮಾನದಲ್ಲಿ ಅನುಮೋದಿಸಿದವರಲ್ಲ, ಹಣೆಯಲ್ಲಿ ಬೆವರು.

"ಸೂಚಿಸುತ್ತೇನೆ" ಎಂದರು.

"ಅಲ್ಲ" ಎಂದರು ಕಾರ್ಯದರ್ಶಿಗಳು. "ಅದನ್ನ ಅವರು ಆಗಲೇ ಮಾಡಿದ್ದಾರೆ."

"ಮತ್ತೆ ನಾನೇನು ಅನ್ಬೇಕು?"

ಅನುಮೋದಕರು ಪಕ್ಕಕ್ಕೆ ಬಾಗಿ ಹೇಳಿಕೊಟ್ಟರು. ದಾರದ ಅಂಗಡಿಯವರು ಮೂರು ತುಂಡು ಮಾಡಿ ಆ ಶಬ್ದವನ್ನು ಹೊರಗೆ ಹಾಕಿದರು. ಕೈ ಎತ್ತಿ ಎಂದ ಕೂಡಲೇ ಇಡೀ ಹಾಲೇ ಕೈ ಎತ್ತಿತು. ಎರಡೂ ಕೈ ಎತ್ತುತ್ತೇನೆ ಎಂದಿದ್ದವರು ನಿಜವಾಗಿಯೂ ಎರಡೂ ಎತ್ತಿ ಎಣಿಕೆ ಕೆಡಿಸಿದರು. ಅಧ್ಯಕ್ಷರದ್ದೂ ಒಂದು ಕೈ ಮೇಲಿತ್ತು, ಹೆಂಗಸರ ಓಟಿನ ಲೆಕ್ಕವನ್ನು ಅವರು ಆಗಲೇ ಹೊಸದಾಗಿ ಹಾಕತೊಡಗಿದ್ದರು.

ಉಳಿದ ವಿಷಯಗಳನ್ನು ಪೂರ್ತಿ ಓದಿ ಮುಗಿಸುವ ಹೊತ್ತಿಗೆ ಮಧ್ಯಾಹ್ನ ನಾಲ್ಕು ಗಂಟೆ. ಊಟ ಆರಿಹೋಗಿತ್ತು. ಗೋದಾಮಿನಲ್ಲಿ ಎರಡನೇ ಸ್ಟೀಮ್ ಇಸ್ತ್ರಿ ಯಂತ್ರವೊಂದು ಆರು ವರ್ಷದಿಂದ ಪೆಟ್ಟಿಗೆಯೂ ಬಿಚ್ಚದೆ ಕೂತಿದೆ ಎಂಬುದು ಸದಸ್ಯರಿಗೆ ಅಂದೇ ತಿಳಿಯಿತು. ಅದನ್ನು ತರಿಸಿದ ಠರಾವಿಗೆ ಅನುಮೋದಕರು ಯಾರು ಎಂದು ಯಾರೋ ಕೇಳಿದರು. ಅನುಮೋದಕರು ಸುಮ್ಮನೆ ಕೈ ಎತ್ತಿದರು.

ಸಂಜೆ ಮನೆಗೆ ಬಂದಾಗ ಹೆಂಡತಿ ಗುಂಡಿ ಹಾಕುತ್ತಿದ್ದರು. ನಡೆದದ್ದನ್ನೆಲ್ಲ ಇವರು ಮೊದಲಿನಿಂದ ಹೇಳಿದರು; ತಮ್ಮನ್ನು ತಾವೇ ಅನುಮೋದಿಸಿಕೊಂಡ ಭಾಗವನ್ನು ಹಾರಿಸಲು ನೋಡಿದರು, ಆಕೆ ಬಿಡಲಿಲ್ಲ, ಅದನ್ನು ಎರಡು ಸಲ ಹೇಳಿಸಿಕೊಂಡರು. ಮಗಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ಹೆಂಡತಿಯೂ ನಕ್ಕರು. ಎಷ್ಟೋ ದಿನದ ಮೇಲೆ ಆ ನಗು ಕೇಳಿ ಅನುಮೋದಕರು ಕತ್ತರಿಸುವ ಮೇಜಿನ ಮೇಲೇ ಕೂತುಬಿಟ್ಟರು.

ಆಕೆ ಎದ್ದು ಹೋಗಿ ಅರ್ಜಿ ತಂದರು. ಅಂದು ಕಾರ್ಯದರ್ಶಿಗಳು ವಾಪಸು ಕೊಟ್ಟಿದ್ದ ಅದೇ ಅರ್ಜಿ, ನಾಲ್ಕಾಗಿ ಮಡಚಿದ್ದು. ಒಬ್ಬ ಹಳೆಯ ಸದಸ್ಯರ ಸಹಿ ಬೇಕಿತ್ತು. ಅನುಮೋದಕರು ಜೇಬಿನಿಂದ ಪೆನ್ನು ತೆಗೆದು, "ಎಲ್ಲಿ ಹಾಕ್ಲಿ?" ಎಂದರು.

"ಮೊದಲು ಓದಿ" ಎಂದರು ಹೆಂಡತಿ.

ಓದಿದರು. ವೃತ್ತಿ, ದರ್ಜಿ. ಅನುಭವ, ಇಪ್ಪತ್ನಾಲ್ಕು ವರ್ಷ. ಕೆಲಸದ ಸ್ಥಳ ಎಂಬಲ್ಲಿ ಆಕೆಯ ದುಂಡನೆಯ ಅಕ್ಷರದಲ್ಲಿ ಎರಡು ಸಾಲು ಇದ್ದವು. "ನಮ್ಮ ಮನೆಯ ಮುಂದಿನ ಕೋಣೆಯಲ್ಲಿ ನನ್ನ ಮಷಿನ್ ಇದೆ. ನನ್ನ ಗಂಡನೂ ಅಲ್ಲೇ ಕೆಲಸ ಮಾಡುತ್ತಾರೆ."

ಅನುಮೋದಕರು ಅದನ್ನು ಎರಡು ಸಲ ಓದಿದರು. ಕೋಪ ಮಾಡಿಕೊಳ್ಳಲು, ತಿದ್ದಲು, ಏನಾದರೂ ಸಿಗುತ್ತದೋ ಎಂದು ಹುಡುಕಿದರು. ಅದರಲ್ಲಿ ತಪ್ಪು ಒಂದಕ್ಷರವೂ ಇರಲಿಲ್ಲ. ಕೆಳಗೆ ಸಹಿ ಹಾಕಿದರು.